ಸ್ಟೆಫ್ ಕರ್ರಿ: ಪುಟ್ಟ ಕಾಲೇಜಿನಿಂದ ಎನ್‌ಬಿಎ ತನಕ – ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ಕೊನೆಯಲ್ಲಿ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಕೋರ್ಟ್ ಪಕ್ಕದ ಕಟ್ಟೆಯ ಮೇಲೆ ಕೂತ ಅಪ್ಪ ಅಮ್ಮಂದಿರು, ಆಟ ಮುಗಿಸಿ ನಲ್ಲಿಗೆ ಬಾಯಿ ಕೊಟ್ಟು ನೀರು ಕುಡಿಯುವ ಹುಡುಗರು, ದೂರದ ಊರುಗಳಿಂದ ಬರೆಯುವ ಗೆಳೆಯರು, ಎಲ್ಲರ ಮಾತೂ ಸುತ್ತಿ ಬಳಸಿ ಕರ್ರಿಗೇ ಬಂದು ನಿಲ್ಲುತ್ತದೆ. ಹತ್ತು ಸಲ ಹೇಳಿದ್ದನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲ ಸಲ ಕೇಳುವವರಿಗೆ

ಈ ಸ್ಟೆಫ್ ಕರ್ರಿ ಯಾರು? ಎರಡು ಮಾತಲ್ಲಿ ಹೇಳಿ.

ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಕ್ಕೆ 2009ರಲ್ಲಿ ಬಂದ ಗಾರ್ಡ್, ಅಂದರೆ ಬಾಲ್ ಮೇಲೆ ತಂದು ಹೊರಗಿನಿಂದ ಆಡುವವನು. ಹುಟ್ಟಿದ್ದು 1988ರ ಮಾರ್ಚ್ 14ರಂದು ಒಹಾಯೊ ರಾಜ್ಯದ ಆಕ್ರನ್‌ನಲ್ಲಿ, ಬೆಳೆದದ್ದು ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ನಲ್ಲಿ. ನಾಲ್ಕು ಸಲ ಚಾಂಪಿಯನ್, ಎರಡು ಸಲ ಲೀಗ್‌ನ ಅತ್ಯುತ್ತಮ ಆಟಗಾರ, ಒಂದು ಒಲಿಂಪಿಕ್ ಚಿನ್ನ. ಎನ್‌ಬಿಎಯಲ್ಲಿ ಅವನಷ್ಟು ತ್ರೀ ಪಾಯಿಂಟರ್ (ದೂರದಿಂದ ಹಾಕುವ 3 ಅಂಕದ ಶಾಟ್) ಹಾಕಿದವರು ಇನ್ನೊಬ್ಬರಿಲ್ಲ. 2025ರ ಮಾರ್ಚ್ 13ರಂದು 4,000 ಮುಟ್ಟಿದ. ಎತ್ತರ 6 ಅಡಿ 2 ಇಂಚು. ನಮ್ಮ ಬೀದಿಯಲ್ಲಿ ನಿಂತರೆ ಉದ್ದದ ಆಳು, ಆ ಲೀಗ್‌ನಲ್ಲಿ ಗಿಡ್ಡ.

ಹೆಸರು ಸ್ಟೀಫನ್ನಾ, ಸ್ಟೆಫನ್ನಾ?

ಸ್ಟೆಫನ್. ನಮ್ಮ ಪತ್ರಿಕೆಗಳಲ್ಲಿ ಸ್ಟೀಫನ್ ಎಂದೇ ಬರುತ್ತದೆ, ಆದರೆ ಮನೆಯವರೂ ಅವನೂ ಹೇಳುವುದು ಸ್ಟೆಫನ್ ಅಂತ. ಪೂರ್ತಿ ಹೆಸರು ವಾರ್ಡೆಲ್ ಸ್ಟೆಫನ್ ಕರ್ರಿ. ಅಪ್ಪನದ್ದೂ ಅದೇ ಹೆಸರು, ಅವರನ್ನು ಡೆಲ್ ಎಂದು ಕರೆಯುತ್ತಾರೆ.

ಅಪ್ಪನೇ ಎನ್‌ಬಿಎ ಆಟಗಾರ. ಹಾಗಿದ್ರೆ ಮಗನಿಗೆ ಎಲ್ಲಾ ಸಲೀಸು ಅಲ್ವಾ?

ಕೆಲವು ವಿಷಯದಲ್ಲಿ ಹೌದು. ಡೆಲ್ ಕರ್ರಿ 1986ರಿಂದ 2002ರವರೆಗೆ 16 ಸೀಸನ್ ಆಡಿದವರು, ಜಾಸ್ತಿ ವರ್ಷ ಶಾರ್ಲಟ್ ಹಾರ್ನೆಟ್ಸ್ ತಂಡಕ್ಕೆ. ದೂರದಿಂದ ಎಸೆಯುವುದರಲ್ಲಿ ಅವರೂ ಪಳಗಿದ ಕೈ. ಅಮ್ಮ ಸೋನ್ಯಾ ವರ್ಜೀನಿಯಾ ಟೆಕ್‌ನಲ್ಲಿ ವಾಲಿಬಾಲ್ ಆಡಿದವರು. ತಮ್ಮ ಸೆತ್ ಕೂಡ ಎನ್‌ಬಿಎ ಸೇರಿದ. ಅಂಗಳದಲ್ಲೇ ರಿಂಗ್, ಸಂಜೆಗೆ ಅಪ್ಪನ ಜೊತೆ ಸ್ಟೇಡಿಯಂ. ದುಡ್ಡಿನ ಕೊರತೆಯೂ ಇರಲಿಲ್ಲ. ಬಡತನದಿಂದ ಎದ್ದು ಬಂದ ಆಟಗಾರ ಅಂತ ಕೆಲವರು ಕಥೆ ಕಟ್ಟುತ್ತಾರೆ, ಅದು ಸುಳ್ಳು.

ಆದರೆ ಅಪ್ಪನ ಎತ್ತರವಾಗಲಿ ಮೈಕಟ್ಟಾಗಲಿ ಆ ವಯಸ್ಸಿಗೆ ಅವನಿಗೆ ಬಂದಿರಲಿಲ್ಲ. ಹೈಸ್ಕೂಲಿನಲ್ಲಿ ಸಣಕಲ. ತೋಳಲ್ಲಿ ಬಲ ಸಾಲದೆ ಬಾಲನ್ನು ಸೊಂಟದ ಹತ್ತಿರದಿಂದ ತೂರುತ್ತಿದ್ದ. ಬೀಳುತ್ತಿತ್ತು, ಅದೇ ತೊಂದರೆ. ದೊಡ್ಡವರ ಎದುರು ಆ ಬಾಲ್ ಕೈ ಬಿಡುವ ಮೊದಲೇ ಬ್ಲಾಕ್ ಆಗುತ್ತದೆ ಅಂತ ಡೆಲ್‌ಗೆ ಗೊತ್ತಿತ್ತು. ಒಂದು ಬೇಸಿಗೆ ರಜೆಯಿಡೀ ಮನೆಯ ಹಿಂದಿನ ಅಂಗಳದಲ್ಲಿ ಮಗನ ಶಾಟ್ ಬಿಚ್ಚಿ ಮತ್ತೆ ಕಟ್ಟಿದರು. ಬಾಲ್ ಹಣೆಯಿಂದ ಮೇಲೆ ಹೋಗಿ ಅಲ್ಲಿಂದ ಬಿಡಬೇಕು. ವಾರಗಟ್ಟಲೆ ರಿಂಗಿನ ಹತ್ತಿರ ಬಿಟ್ಟು ಬೇರೆಲ್ಲಿಂದಲೂ ಅವನಿಗೆ ಎಸೆಯಲಾಗಲಿಲ್ಲ. ಕಣ್ಣೀರು ಹಾಕಿದ, ಆಟವೇ ಬೇಡ ಅನ್ನಿಸಿತ್ತು ಎಂದು ಆಮೇಲೆ ಹೇಳಿಕೊಂಡಿದ್ದಾನೆ. ಅಪ್ಪ ಕೊಟ್ಟ ನಿಜವಾದ ಆಸ್ತಿ ಆ ಬೇಸಿಗೆ ಅಂತ ನನಗನ್ನಿಸುತ್ತದೆ.

ತ್ರೀ ಪಾಯಿಂಟರ್ ಅಂದ್ರೆ ಎಷ್ಟು ದೂರದಿಂದ?

ಎನ್‌ಬಿಎಯಲ್ಲಿ ಗೆರೆ ಇರುವುದು ರಿಂಗಿನಿಂದ 23 ಅಡಿ 9 ಇಂಚು ದೂರ, ಎರಡು ಮೂಲೆಗಳಲ್ಲಿ 22 ಅಡಿ. ಗೆರೆಯ ಹೊರಗಿಂದ ಬಿದ್ದರೆ 3 ಅಂಕ, ಒಳಗಿಂದ 2. ಎನ್‌ಬಿಎ ಈ ಗೆರೆ ಎಳೆದದ್ದು 1979ರಲ್ಲಿ. ಅಮೆರಿಕದ ಕಾಲೇಜು ಆಟಕ್ಕೆ ಬಂದದ್ದು 1986ರಲ್ಲಿ. ಕರ್ರಿ ಕಾಲೇಜಿನಲ್ಲಿದ್ದಾಗಲೇ ಆ ಗೆರೆಯನ್ನು ಒಂದಡಿ ಹಿಂದಕ್ಕೆ ಹಾಕಿ 20 ಅಡಿ 9 ಇಂಚು ಮಾಡಿದರು. ಅವನಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

ಕಾಲೇಜು ಮ್ಯಾಚ್‌ಗೆ ಅಷ್ಟೊಂದು ಜನ ಯಾಕೆ? ನಮ್ಮಲ್ಲಿ ಇಂಟರ್ ಕಾಲೇಜು ಅಂದ್ರೆ ಗ್ಯಾಲರಿ ಖಾಲಿ.

ಅಲ್ಲಿ ಊರಿಗೂ ಕಾಲೇಜು ತಂಡಕ್ಕೂ ನೂರು ವರ್ಷದ ನಂಟು. ಎಷ್ಟೋ ರಾಜ್ಯಗಳಲ್ಲಿ ಎನ್‌ಬಿಎ ತಂಡವೇ ಇಲ್ಲ, ಕಾಲೇಜಿನದ್ದೇ ಊರಿನ ತಂಡ. ಓದಿ ಹೋದವರು ಮುದುಕರಾದರೂ ಅದೇ ಬಣ್ಣದ ಅಂಗಿ ಹಾಕಿಕೊಂಡು ಬರುತ್ತಾರೆ. ಜೊತೆಗೆ ಮಾರ್ಚ್ ತಿಂಗಳ ಟೂರ್ನಿ ಇದೆ. 60ಕ್ಕೂ ಜಾಸ್ತಿ ತಂಡ, ನಾಲ್ಕು ಭಾಗ, ಒಂದೊಂದು ಭಾಗದಲ್ಲಿ 1ರಿಂದ 16ರವರೆಗೆ ರ‍್ಯಾಂಕು. ಒಂದು ಮ್ಯಾಚ್ ಸೋತರೆ ಗಂಟುಮೂಟೆ ಕಟ್ಟಿ ಮನೆಗೆ. ಮೂರು ವಾರ ಇಡೀ ದೇಶ ಅದನ್ನೇ ಮಾತಾಡುತ್ತದೆ. ಎನ್‌ಬಿಎ ತಂಡದವರು ಹುಡುಗರನ್ನು ಅಳೆಯುವುದೂ ಅಲ್ಲೇ.

## ಕಾಲೇಜಿನ ಮೂರು ವರ್ಷ

ದೊಡ್ಡ ಕಾಲೇಜುಗಳು ಅವನನ್ನ ಬೇಡ ಅಂದಿದ್ದು ಯಾಕೆ?

ಕಣ್ಣಿಗೆ ಕಂಡದ್ದನ್ನು ನೋಡಿ. ಗಿಡ್ಡ, ತೆಳ್ಳಗೆ, ಹೈಸ್ಕೂಲು ಹುಡುಗನಿಗಿಂತ ಚಿಕ್ಕವನಂತೆ ಕಾಣುವ ಮುಖ. ಅಪ್ಪ ಅಮ್ಮ ಇಬ್ಬರೂ ಆಡಿದ್ದ ವರ್ಜೀನಿಯಾ ಟೆಕ್ ಕೂಡ ಸ್ಕಾಲರ್‌ಶಿಪ್ ಕೊಡಲಿಲ್ಲ. ಬೇಕಾದರೆ ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಸೇರಲಿ ಅಂದರು.

ಮನಸ್ಸಿಟ್ಟು ಹಿಂದೆ ಬಿದ್ದವರು ಡೇವಿಡ್‌ಸನ್ ಕಾಲೇಜಿನ ಕೋಚ್ ಬಾಬ್ ಮೆಕಿಲಪ್. ಶಾರ್ಲಟ್‌ನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಸಿಗುವ ಸಣ್ಣ ಊರು. ಆಗ ಇಡೀ ಕಾಲೇಜಿನಲ್ಲಿ 2,000 ವಿದ್ಯಾರ್ಥಿಗಳೂ ಇರಲಿಲ್ಲ. ನಮ್ಮ ಒಂದು ದೊಡ್ಡ ಪಿಯು ಕಾಲೇಜಿನಷ್ಟು. 1969ರಿಂದ ಆಚೆಗೆ ಮಾರ್ಚ್ ಟೂರ್ನಿಯಲ್ಲಿ ಒಂದೂ ಮ್ಯಾಚ್ ಗೆದ್ದಿರಲಿಲ್ಲ.

ಮೊದಲ ಮ್ಯಾಚ್‌ನಲ್ಲಿ ತೀರಾ ಕೆಟ್ಟದಾಗಿ ಆಡಿದ್ದನಂತೆ, ನಿಜಾನಾ?

ನಿಜ. 2006ರ ನವೆಂಬರ್, ಈಸ್ಟರ್ನ್ ಮಿಶಿಗನ್ ವಿರುದ್ಧ. 13 ಸಲ ಬಾಲ್ ಎದುರಾಳಿಗೆ ಬಿಟ್ಟುಕೊಟ್ಟ. ಒಂದು ಮ್ಯಾಚ್‌ನಲ್ಲಿ ನಾಲ್ಕು ಐದು ಆದರೇ ನಾವು ಹುಡುಗರನ್ನು ಹೊರಗೆ ಕರೆದು ಕೂರಿಸುತ್ತೇವೆ. 13 ಅಂದರೆ ಬೇರೆ ಯಾವ ಕೋಚ್ ಆದರೂ ಆ ಸೀಸನ್ ಪೂರ್ತಿ ಬೆಂಚಿನಲ್ಲಿ ಇಡುತ್ತಿದ್ದರೇನೋ.

ಮೆಕಿಲಪ್ ತೆಗೆಯಲಿಲ್ಲ. ಅರ್ಧ ಸಮಯದ ನಂತರವೂ ಅವನನ್ನೇ ಇಳಿಸಿದರು. ಡೇವಿಡ್‌ಸನ್ ಹಿಂದಿನಿಂದ ಬಂದು ಗೆದ್ದಿತು, ಹುಡುಗ 15 ಅಂಕ ಹಾಕಿದ. ಮರುದಿನವೇ ಮಿಶಿಗನ್ ವಿರುದ್ಧ 32. ಆ ವರ್ಷ ಮುಗಿಯುವಾಗ ಸರಾಸರಿ 21.5. ದೇಶದ ಮೊದಲ ವರ್ಷದ ಹುಡುಗರಲ್ಲಿ ಅವನಿಗಿಂತ ಮೇಲಿದ್ದವನು ಕೆವಿನ್ ಡ್ಯುರಾಂಟ್ ಒಬ್ಬನೇ.

ಕರ್ರಿಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಆ ಕೋಚ್ ಕಣ್ಣೆದುರೇ 13 ತಪ್ಪು ನೋಡಿದರು, ಆದರೂ ಬಾಲ್ ಅವನ ಕೈಯಲ್ಲೇ ಇರಲಿ ಅಂದರು. ದೊಡ್ಡ ಕಾಲೇಜಾಗಿದ್ದರೆ ಬೆಂಚಿನಲ್ಲಿ ಇನ್ನೂ ಐದು ಜನ ಕಾಯುತ್ತಿದ್ದರು. ಡೇವಿಡ್‌ಸನ್‌ನಲ್ಲಿ ತಂಡದ ಘೋಷವೇ ಮೂರು ಅಕ್ಷರ, ಟಿಸಿಸಿ: ಟ್ರಸ್ಟ್, ಕಮಿಟ್‌ಮೆಂಟ್, ಕೇರ್, ಅಂದರೆ ನಂಬಿಕೆ, ಬದ್ಧತೆ, ಕಾಳಜಿ. ಆ ಮೂರು ಅಕ್ಷರವನ್ನು ಅವನು ಮಣಿಕಟ್ಟಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾನೆ.

2008ರ ಮಾರ್ಚ್‌ನಲ್ಲಿ ಆಗಿದ್ದೇನು? ಎಲ್ಲರೂ ಅದನ್ನೇ ಹೇಳ್ತಾರಲ್ಲ.

ಎರಡನೇ ವರ್ಷ. ಸೀಸನ್ ಶುರುವಿನಲ್ಲಿ ನಾರ್ತ್ ಕ್ಯಾರೊಲೈನಾ, ಡ್ಯೂಕ್, ಯುಸಿಎಲ್‌ಎ ಅಂಥ ದೊಡ್ಡವರ ಎದುರು ಡೇವಿಡ್‌ಸನ್ ಸೋತಿತ್ತು. ಆಮೇಲೆ ಸೋಲೇ ಇಲ್ಲದೆ ಮಾರ್ಚ್‌ಗೆ ಬಂದರು. ಆದರೂ ರ‍್ಯಾಂಕು 10. ಸಣ್ಣ ಕಾಲೇಜು ಅಲ್ವಾ.

ಮೊದಲ ಎದುರಾಳಿ ಗೊನ್ಜಾಗ. ಕರ್ರಿ 40 ಹಾಕಿದ, ಅದರಲ್ಲಿ 30 ದ್ವಿತೀಯಾರ್ಧದಲ್ಲೇ. 82–76. ಎರಡನೆಯದು 2ನೇ ರ‍್ಯಾಂಕಿನ ಜಾರ್ಜ್‌ಟೌನ್. 17 ಅಂಕ ಹಿಂದಿದ್ದರು. ಪ್ರಥಮಾರ್ಧದಲ್ಲಿ ಅವನದ್ದು ಬರೀ 5. ಆಮೇಲೆ 25. 74–70. ಮೂರನೆಯದು ವಿಸ್ಕಾನ್ಸಿನ್, ಬಿಗಿ ಡಿಫೆನ್ಸ್‌ಗೆ ಹೆಸರಾದ ತಂಡ. ಅವರ ಎದುರು 33, ಗೆಲುವು 73–56. ಆ ಮ್ಯಾಚ್ ನೋಡಲು ಎನ್‌ಬಿಎ ತಾರೆ ಲೆಬ್ರಾನ್ ಜೇಮ್ಸ್ ಡೆಟ್ರಾಯ್ಟ್‌ಗೆ ಬಂದು ಕೂತಿದ್ದ. ಡೇವಿಡ್‌ಸನ್‌ನ ಆಡಳಿತ ಮಂಡಳಿಯವರು ವಿದ್ಯಾರ್ಥಿಗಳಿಗೆ ಬಸ್ಸು, ಟಿಕೆಟ್ಟು, ಉಳಿಯುವ ಖರ್ಚು ಎಲ್ಲಾ ಕೊಟ್ಟು ಅಲ್ಲಿಗೆ ಕಳಿಸಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ತುಂಬಿದ ಹಾಗಾಗುತ್ತದೆ.

ನಾಲ್ಕನೆಯದು 1ನೇ ರ‍್ಯಾಂಕಿನ ಕ್ಯಾನ್ಸಸ್. ಗೆದ್ದರೆ ಕೊನೆಯ ನಾಲ್ಕು ತಂಡಗಳಲ್ಲಿ ಜಾಗ. ಸ್ಕೋರು 57–59, ಉಳಿದಿದ್ದು 16 ಚಿಲ್ಲರೆ ಸೆಕೆಂಡು, ಬಾಲ್ ಡೇವಿಡ್‌ಸನ್ ಕೈಯಲ್ಲಿ. ಕರ್ರಿ ಬಾಲ್ ಮೇಲೆ ತಂದ. ಗೆರೆಯ ಹತ್ತಿರ ಬರುತ್ತಿದ್ದ ಹಾಗೇ ಇಬ್ಬರು ಅವನನ್ನು ಮುತ್ತಿಕೊಂಡರು. ಎಸೆಯುವ ಹಾಗೆ ನಟಿಸಿದ, ಜಾಗ ಸಿಗಲಿಲ್ಲ. ಪಕ್ಕದಲ್ಲಿ ತಂಡದ ಪಾಯಿಂಟ್ ಗಾರ್ಡ್ ಜೇಸನ್ ರಿಚರ್ಡ್ಸ್ ನಿಂತಿದ್ದ. ಅವನಿಗೆ ಕೊಟ್ಟ. ರಿಚರ್ಡ್ಸ್ ಎಸೆದ ಬಾಲ್ ರಿಂಗ್ ಮುಟ್ಟದೆ ಬೋರ್ಡಿಗೆ ಬಡಿದು ಎಡಕ್ಕೆ ಸಿಡಿಯಿತು. ಮ್ಯಾಚ್ ಮುಗಿಯಿತು. ಕ್ಯಾನ್ಸಸ್ ಕೋಚ್ ಬಿಲ್ ಸೆಲ್ಫ್ ಅಲ್ಲೇ ಮಂಡಿಯೂರಿ ಕುಸಿದರು. ಅವರದೇ ತಂಡ ಆಮೇಲೆ ಕಪ್ ಗೆದ್ದದ್ದು.

ಕರ್ರಿ ತಾನೇ ಎಸೆಯಬೇಕಿತ್ತು ಅನ್ನುವವರು ಇಂದಿಗೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇಬ್ಬರು ಮೈಮೇಲೆ ಬಿದ್ದಾಗ ಖಾಲಿ ಇರುವ ಗೆಳೆಯನಿಗೆ ಕೊಡು ಅಂತ ನಾವು ಮಕ್ಕಳಿಗೆ ದಿನಾ ಹೇಳುತ್ತೇವೆ. ಅವನು ಮಾಡಿದ್ದೂ ಅದನ್ನೇ. ಸೋತ ತಂಡದವನಾದರೂ ಆ ಭಾಗದ ಅತ್ಯುತ್ತಮ ಆಟಗಾರ ಅಂತ ಅವನನ್ನೇ ಆರಿಸಿದರು. ಆ ಸೀಸನ್‌ನಲ್ಲಿ 162 ತ್ರೀ, ಆಗ ಕಾಲೇಜು ದಾಖಲೆ.

ಒಂದು ಮ್ಯಾಚ್‌ನಲ್ಲಿ ಸೊನ್ನೆ ಹೊಡೆದಿದ್ದನಂತಲ್ಲ?

2008ರ ನವೆಂಬರ್, ಮೇರಿಲ್ಯಾಂಡ್‌ನ ಲೊಯೋಲಾ ತಂಡದ ವಿರುದ್ಧ. ಅವರ ಕೋಚ್ ಇಬ್ಬರು ಆಟಗಾರರನ್ನು ಇಡೀ ಮ್ಯಾಚ್ ಕರ್ರಿಗೇ ಅಂಟಿಸಿಬಿಟ್ಟರು, ಬಾಲ್ ಎಲ್ಲಿದ್ದರೂ ಸರಿ. ಕರ್ರಿ ಏನು ಮಾಡಿದ ಗೊತ್ತಾ? ಮೂಲೆಗೆ ಹೋಗಿ ನಿಂತ. ಇಬ್ಬರೂ ಹಿಂದೆಯೇ ಹೋದರು. ಉಳಿದ ಜಾಗದಲ್ಲಿ ಡೇವಿಡ್‌ಸನ್‌ನ ನಾಲ್ವರು ಎದುರಾಳಿಯ ಮೂವರ ಜೊತೆ ಆಡಿದರು. ಅವನ ಹೆಸರಿನ ಮುಂದೆ 0, ತಂಡಕ್ಕೆ 30 ಅಂಕಗಳ ಗೆಲುವು. ಅದೇ ಸೀಸನ್‌ನಲ್ಲಿ 28.6 ಸರಾಸರಿಯೊಂದಿಗೆ ಇಡೀ ದೇಶಕ್ಕೆ ಮೊದಲಿಗ.

ಕಾಲೇಜಲ್ಲಿ ಆಡಿದ್ದಕ್ಕೆ ದುಡ್ಡು ಸಿಗ್ತಿತ್ತಾ?

ಇಲ್ಲ. ಆಗ ಸ್ಕಾಲರ್‌ಶಿಪ್ ಒಂದೇ. ಸ್ಟೇಡಿಯಂ ತುಂಬಿಸಿದರೂ, ಟಿವಿಯಲ್ಲಿ ಬಂದರೂ ಆಟಗಾರನಿಗೆ ಬಿಡಿಗಾಸಿಲ್ಲ. 2021ರ ಜುಲೈನಿಂದ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಲು ಬಿಟ್ಟರು. 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಇದರ ಇನ್ನೊಂದು ಮುಖವೂ ಇದೆ. ಈಗ ಸಣ್ಣ ಕಾಲೇಜಿನಲ್ಲಿ ಒಬ್ಬ ಹುಡುಗ ಮಿಂಚಿದರೆ ಮರುವರ್ಷವೇ ದೊಡ್ಡ ಕಾಲೇಜು ದುಡ್ಡು ತೋರಿಸಿ ಕರೆಯುತ್ತದೆ. ಕರ್ರಿ ಇಂದು ಹುಟ್ಟಿದ್ದರೆ ಮೂರು ವರ್ಷ ಡೇವಿಡ್‌ಸನ್‌ನಲ್ಲಿ ಉಳಿಯುತ್ತಿದ್ದನಾ? ನನಗೆ ಅನುಮಾನ.

ಡಿಗ್ರಿ ಮುಗಿಸದೇ ಹೋದನಲ್ಲ, ಆಮೇಲೆ?

ಮೂರು ವರ್ಷಕ್ಕೆ 2,635 ಅಂಕ ಹಾಕಿ, ಡೇವಿಡ್‌ಸನ್‌ನ ಎಲ್ಲಾ ಕಾಲದ ದಾಖಲೆ ಮಾಡಿ 2009ರಲ್ಲಿ ಹೊರಟ. ಆ ಕಾಲೇಜಿನಲ್ಲಿ ಒಂದು ನಿಯಮ: ಡಿಗ್ರಿ ಮುಗಿಸದವರ ನಂಬರನ್ನು ಗೌರವದಿಂದ ಮೇಲೆ ತೂಗುಹಾಕುವುದಿಲ್ಲ. ಎಷ್ಟೇ ದೊಡ್ಡ ಆಟಗಾರನಾದರೂ ನಿಯಮ ಸಡಿಲಿಸಲಿಲ್ಲ. ಅವನೂ ಸಡಿಲಿಸಿ ಅಂತ ಕೇಳಲಿಲ್ಲ. 2022ರಲ್ಲಿ, ವಾರಿಯರ್ಸ್‌ಗೆ ಆಡುತ್ತಲೇ ಉಳಿದ ಪಾಠ ಮುಗಿಸಿ ಸಮಾಜಶಾಸ್ತ್ರದಲ್ಲಿ ಪದವಿ ತೆಗೆದುಕೊಂಡ. ಆಗಸ್ಟ್ 31ರಂದು ಅವನೊಬ್ಬನಿಗಾಗಿಯೇ ಘಟಿಕೋತ್ಸವ ಮಾಡಿದರು. 30ನೇ ನಂಬರಿನ ಅಂಗಿ ಅಂದೇ ಮೇಲೇರಿತು. ಡೆಲ್ ಎನ್‌ಬಿಎಯಲ್ಲಿ ಹಾಕುತ್ತಿದ್ದದ್ದೂ 30.

## ಎನ್‌ಬಿಎ

ಡ್ರಾಫ್ಟ್‌ನಲ್ಲಿ ಏಳನೆಯವನು ಅಂದ್ರೆ ಅವಮಾನ ಅಲ್ವಾ?

ಡ್ರಾಫ್ಟ್ ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಅವಕಾಶ, ಅದರಲ್ಲೂ ಮುಂದಿನ ಜಾಗಗಳಿಗೆ ಚೀಟಿ ಎತ್ತುತ್ತಾರೆ. ನಮ್ಮ ಐಪಿಎಲ್ ಹರಾಜಿನ ಹಾಗೆ ಕೂಗಿ ಕೊಳ್ಳುವುದಿಲ್ಲ.

ಏಳು ಒಳ್ಳೆಯ ಜಾಗವೇ. ಆ ವರ್ಷ ಮೊದಲು ಹೋದದ್ದು ಬ್ಲೇಕ್ ಗ್ರಿಫಿನ್, ಮೂರನೆಯವನು ಜೇಮ್ಸ್ ಹಾರ್ಡನ್. ಮಿನೆಸೋಟ ತಂಡಕ್ಕೆ 5 ಮತ್ತು 6 ಎರಡೂ ಸಿಕ್ಕಿತ್ತು. ಎರಡರಲ್ಲೂ ಕರ್ರಿ ಆಡುವ ಜಾಗದವರನ್ನೇ ತೆಗೆದುಕೊಂಡರು, ರಿಕಿ ರೂಬಿಯೊ ಮತ್ತು ಜಾನಿ ಫ್ಲಿನ್. ಅವರು ಬಿಟ್ಟದ್ದು ಗೋಲ್ಡನ್ ಸ್ಟೇಟ್‌ಗೆ ಬಂತು. ಎಂಟನೇ ಸರದಿಯಲ್ಲಿದ್ದ ನ್ಯೂಯಾರ್ಕ್‌ನವರು ಕರ್ರಿ ನಮಗೇ ಅಂತ ಕಾದು ಕೂತಿದ್ದರು. ಒಂದೇ ಒಂದು ಹೆಜ್ಜೆಯಲ್ಲಿ ತಪ್ಪಿತು.

ಕಾಲು ಉಳುಕಿ ಉಳುಕಿ ಮುಗಿದೇ ಹೋದ ಅಂದಿದ್ರಂತೆ?

ಹೌದು, ಅಂಥ ಕಾಲ ಇತ್ತು. ಮೊದಲ ವರ್ಷ ಚೆನ್ನಾಗಿಯೇ ಆಡಿದ, ಸರಾಸರಿ 17.5. ಆಮೇಲೆ ಬಲ ಪಾದದ ಗಂಟು ಮತ್ತೆ ಮತ್ತೆ ಉಳುಕತೊಡಗಿತು. ಎದುರಾಳಿ ಮುಟ್ಟದಿದ್ದರೂ, ಸುಮ್ನೆ ತಿರುಗಿದರೂ ಉಳುಕುತ್ತಿತ್ತು. 2011ರಲ್ಲಿ ಒಂದು ಆಪರೇಷನ್, 2012ರಲ್ಲಿ ಇನ್ನೊಂದು. 2011–12ರಲ್ಲಿ 66 ಮ್ಯಾಚ್‌ಗಳಲ್ಲಿ ಆಡಿದ್ದು 26.

ಆಪರೇಷನ್‌ನಷ್ಟೇ ಕೆಲಸ ಮಾಡಿದ್ದು ಜಿಮ್. ತಿರುಗುವಾಗ, ನಿಲ್ಲುವಾಗ ಭಾರವೆಲ್ಲ ಪಾದದ ಮೇಲೆ ಬೀಳುತ್ತಿತ್ತು. ಆ ಭಾರ ಸೊಂಟ ಮತ್ತು ತೊಡೆ ಹೊರುವ ಹಾಗೆ ತರಬೇತುದಾರರು ಅವನ ಓಟವನ್ನೇ ತಿದ್ದಿದರು. ಆ ಸಣಕಲು ಮೈಯಲ್ಲಿ ಎಲ್ಲಿಂದ ಬಲ ಅಂತ ಕೇಳುತ್ತೀರಲ್ಲ, ಸೊಂಟದಿಂದ.

ಅಷ್ಟು ದೊಡ್ಡ ಆಟಗಾರನಿಗೆ 44 ಮಿಲಿಯನ್ ಡಾಲರ್ ಕಡಿಮೆ ಆಯ್ತಲ್ಲ?

2012ರ ಅಕ್ಟೋಬರ್‌ನಲ್ಲಿ ನಾಲ್ಕು ವರ್ಷಕ್ಕೆ ಒಟ್ಟು 44 ಮಿಲಿಯನ್ ಅಂತ ಸಹಿ ಮಾಡಿದ್ದು. ಆಗ ಅವನ ಪಾದ ನಂಬುವ ಹಾಗಿರಲಿಲ್ಲ. ತಂಡಕ್ಕೂ ಭಯ, ಅವನಿಗೂ ಭಯ. ಆದರೆ ಅದೇ ಒಪ್ಪಂದದಲ್ಲಿ ಎರಡು ಸಲ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ, ಆದ. ಅವನ ಸಂಬಳ ಕಡಿಮೆ ಇದ್ದದ್ದು, 2016ರಲ್ಲಿ ಟಿವಿ ಹಕ್ಕಿನ ದುಡ್ಡಿನಿಂದ ಎಲ್ಲಾ ತಂಡಗಳ ಖರ್ಚಿನ ಮಿತಿ ಒಮ್ಮೆಲೇ ಜಿಗಿದದ್ದು, ಎರಡೂ ಸೇರಿ ಕೆವಿನ್ ಡ್ಯುರಾಂಟ್‌ನನ್ನು ಕರೆತರಲು ವಾರಿಯರ್ಸ್‌ಗೆ ಜಾಗ ಸಿಕ್ಕಿತು. 2017ರಲ್ಲಿ ಕರ್ರಿಗೆ ಐದು ವರ್ಷಕ್ಕೆ 201 ಮಿಲಿಯನ್ ಕೊಟ್ಟರು. 200 ದಾಟಿದ ಮೊದಲ ಒಪ್ಪಂದ ಅದು.

ಇವನು ಬೇರೆಯೇ ಅಂತ ಜನಕ್ಕೆ ಗೊತ್ತಾಗಿದ್ದು ಯಾವಾಗ?

ನನ್ನ ಪ್ರಕಾರ 2013ರ ಫೆಬ್ರವರಿ 27. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಅಂದು ಅವನು ಹಾಕಿದ್ದು 54 ಅಂಕ. 13 ತ್ರೀ ಎಸೆದು 11 ಬೀಳಿಸಿದ. ವಾರಿಯರ್ಸ್ ಸೋತರು, ಆದರೆ ಬೆಳಗಾಗುವುದರಲ್ಲಿ ಎಲ್ಲರ ಬಾಯಲ್ಲೂ ಅವನ ಹೆಸರು. ಆ ಸೀಸನ್‌ನಲ್ಲಿ 272 ತ್ರೀ ಹಾಕಿ ರೇ ಆಲನ್ ಅವರ 269ರ ದಾಖಲೆ ಮುರಿದ. 2014–15ರಲ್ಲಿ ಸ್ಟೀವ್ ಕರ್ ಕೋಚ್ ಆಗಿ ಬಂದ ಮೊದಲ ವರ್ಷವೇ ಎಂವಿಪಿ, ಕಪ್ ಎರಡೂ. ಮರುವರ್ಷ 402 ತ್ರೀ. ಎಂವಿಪಿ ಮತದಾನದಲ್ಲಿ 131ಕ್ಕೆ 131 ಮತ, ಎನ್‌ಬಿಎಯಲ್ಲಿ ಹಾಗಾದದ್ದು ಅದೇ ಮೊದಲು. 2021ರ ಡಿಸೆಂಬರ್ 14ರಂದು, ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ರೇ ಆಲನ್ ಅವರ ಒಟ್ಟು 2,973 ತ್ರೀಗಳ ದಾಖಲೆಯನ್ನೂ ದಾಟಿದ. ಆಲನ್‌ಗೆ 1,300 ಮ್ಯಾಚ್ ಬೇಕಾಗಿತ್ತು. ಕರ್ರಿಗೆ ಸಾಕಾದದ್ದು 789.

73 ಮ್ಯಾಚ್ ಗೆದ್ದು ಕೊನೆಗೆ ಕಪ್ ಸೋತರಲ್ಲ, ಅದು ಹೇಗೆ?

ನೋವಿನ ವಿಷಯ. 2015–16ರಲ್ಲಿ 82ಕ್ಕೆ 73 ಗೆದ್ದು ಶಿಕಾಗೊ ಬುಲ್ಸ್‌ನ 72ರ ದಾಖಲೆ ಮುರಿದರು. ಎನ್‌ಬಿಎ ಫೈನಲ್ ಅಂದರೆ ಏಳು ಮ್ಯಾಚ್, ಮೊದಲು ನಾಲ್ಕು ಗೆದ್ದವರಿಗೆ ಕಪ್. ಅದರಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 3–1 ಮುಂದಿದ್ದರು. ಆಮೇಲೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್‌ಗೆ ಒಂದು ಮ್ಯಾಚ್ ನಿಷೇಧ, ಆಂಡ್ರೂ ಬೋಗಟ್‌ಗೆ ಗಾಯ. ಕರ್ರಿಯ ಮಂಡಿಗೂ ಪ್ಲೇಆಫ್ ಶುರುವಿನಲ್ಲೇ ಪೆಟ್ಟಾಗಿತ್ತು. ಏಳನೇ ಮ್ಯಾಚ್‌ನಲ್ಲಿ ಅವನು 14 ತ್ರೀ ಎಸೆದು 4 ಮಾತ್ರ ಬೀಳಿಸಿದ. ಗಾಯದ ನೆಪ ಹೇಳಬಹುದು, ಆದರೆ ಆ ರಾತ್ರಿ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್, ಕೈರಿ ಅರ್ವಿಂಗ್ ಇಬ್ಬರೂ ಅವನಿಗಿಂತ ಚೆನ್ನಾಗಿ ಆಡಿದರು. ಅದನ್ನು ಒಪ್ಪಿಕೊಳ್ಳಬೇಕು.

ಡ್ಯುರಾಂಟ್ ಇದ್ದಿದ್ದಕ್ಕೇ ಗೆದ್ದ ಅಂತಾರೆ. ನೀವೇನಂತೀರಿ?

2017, 2018ರ ಕಪ್‌ಗಳಲ್ಲಿ ಡ್ಯುರಾಂಟ್ ಪಾಲು ದೊಡ್ಡದು. ಫೈನಲ್‌ನ ಅತ್ಯುತ್ತಮ ಆಟಗಾರ ಎರಡು ಸಲವೂ ಅವನೇ. ಆದರೆ 2015ರಲ್ಲಿ ಡ್ಯುರಾಂಟ್ ಇರಲಿಲ್ಲ, 2022ರಲ್ಲೂ ಇರಲಿಲ್ಲ. ನಡುವೆ 2019–20ರಲ್ಲಿ ಕರ್ರಿ ಕೈ ಮುರಿದುಕೊಂಡು ಕೂತಾಗ ವಾರಿಯರ್ಸ್ ಗೆದ್ದದ್ದು 15, ಸೋತದ್ದು 50. ಇಡೀ ಲೀಗ್‌ನಲ್ಲಿ ಕೊನೆ. ಅಲ್ಲಿಂದ ಎರಡೇ ವರ್ಷಕ್ಕೆ ಬಾಸ್ಟನ್‌ನ ನೆಲದಲ್ಲೇ ಅವರನ್ನು ಸೋಲಿಸಿ ಕಪ್ ಎತ್ತಿದರು. ಫೈನಲ್‌ನಲ್ಲಿ ಕರ್ರಿಯ ಸರಾಸರಿ 31.2. ಇನ್ನೂ ಕೆಲವು ಸೆಕೆಂಡು ಉಳಿದಿರುವಾಗಲೇ ಅವನು ಅಪ್ಪನನ್ನು ತಬ್ಬಿ ಅತ್ತುಬಿಟ್ಟ. ನನ್ನ ಕಣ್ಣೂ ಒದ್ದೆಯಾಗಿತ್ತು.

## ಆಟವನ್ನು ಹತ್ತಿರದಿಂದ ನೋಡುವವರಿಗೆ

ಅವನ ಶಾಟ್‌ನಲ್ಲಿ ಅಂಥದ್ದೇನಿದೆ?

ವೇಗ. ಬಾಲ್ ಕೈಗೆ ಬಂದು ಕೈ ಬಿಡುವುದಕ್ಕೆ ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಹೆಚ್ಚಿನವರು ಮೊದಲು ನೆಗೆದು, ಮೇಲೆ ಹೋಗಿ, ಆಮೇಲೆ ಎಸೆಯುತ್ತಾರೆ. ಅವನು ಮೇಲೇಳುತ್ತಿರುವಾಗಲೇ ಬಿಡುತ್ತಾನೆ. ಮಂಡಿಯಿಂದ ಹೊರಟ ಬಲ ಎಲ್ಲೂ ನಿಲ್ಲದೆ ಬೆರಳ ತುದಿಗೆ ಬರುತ್ತದೆ, ಅದಕ್ಕೇ ದೂರಕ್ಕೆ ತೋಳಿನ ಬಲ ಬೇಕಾಗುವುದಿಲ್ಲ. ಬಾಲ್ ತುಂಬಾ ಎತ್ತರಕ್ಕೆ ಹೋಗಿ ನೆಟ್ಟಗೆ ಇಳಿಯುತ್ತದೆ. ಹಾಗೆ ಮೇಲಿಂದ ಇಳಿಯುವ ಬಾಲ್‌ಗೆ ರಿಂಗಿನ ಬಾಯಿ ಅಗಲ.

ಪಾದ ನೋಡಿ. ಹತ್ತೂ ಬೆರಳು ರಿಂಗಿಗೆ ನೇರ ಇರಬೇಕು ಅಂತ ನಾವು ಹೇಳಿಕೊಡುತ್ತೇವೆ, ಅವನದ್ದು ಸ್ವಲ್ಪ ಎಡಕ್ಕೆ ತಿರುಗಿರುತ್ತದೆ. ಭುಜ ಬಿಗಿಯಾಗದಿರಲು ಅದು ಸಹಾಯ.

ಬಾಲ್ ಕೈಯಲ್ಲಿ ಇಲ್ಲದಾಗ ಸುಮ್ನೆ ಯಾಕೆ ಅಷ್ಟು ಓಡ್ತಾನೆ?

ಅದೇ ಅವನ ಅರ್ಧ ಆಟ. ಪಾಸ್ ಕೊಟ್ಟ ಕೂಡಲೇ ಹೆಚ್ಚಿನವರು ನಿಂತು ನೋಡುತ್ತಾರೆ. ಅವನು ಆಗ ಓಡಲು ಶುರು ಮಾಡುತ್ತಾನೆ. ಗೆಳೆಯರ ಮೈಗೆ ಮೈ ಉಜ್ಜಿಕೊಂಡು ಒಂದು ಮೂಲೆಯಿಂದ ಇನ್ನೊಂದಕ್ಕೆ. ಹಿಂದೆ ಓಡುವವನು ಯಾರದೋ ಎದೆಗೆ ಡಿಕ್ಕಿ ಹೊಡೆಯುತ್ತಾನೆ. ಸಹಾಯಕ್ಕೆ ಇನ್ನೊಬ್ಬ ಬಂದರೆ ರಿಂಗಿನ ಕೆಳಗೆ ಒಬ್ಬ ಖಾಲಿ. ಲೊಯೋಲಾ ಮ್ಯಾಚ್‌ನಲ್ಲಿ ಮೂಲೆಯಲ್ಲಿ ನಿಂತು ಮಾಡಿದ್ದನ್ನೇ ಇಲ್ಲಿ ಓಡುತ್ತಾ ಮಾಡುತ್ತಾನೆ. ಸ್ಕೋರ್ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಮುಂದಿನ ಸಲ ಮ್ಯಾಚ್ ನೋಡುವಾಗ ಐದು ನಿಮಿಷ ಬಾಲ್ ಮರೆತು ಅವನೊಬ್ಬನನ್ನೇ ನೋಡಿ.

ಇವನಿಂದ ಆಟ ಹಾಳಾಯ್ತು, ಎಲ್ಲರೂ ಬರೀ ದೂರದಿಂದಲೇ ಎಸೀತಾರೆ ಅಂತಾರಲ್ಲ?

2009–10ರಲ್ಲಿ ಒಂದು ಎನ್‌ಬಿಎ ತಂಡ ಪಂದ್ಯಕ್ಕೆ ಸುಮಾರು 18 ತ್ರೀ ಎಸೆಯುತ್ತಿತ್ತು. ಈಗ 35 ದಾಟಿದೆ. ಲೆಕ್ಕ ಸರಳ: 100 ಸಲ ದೂರದಿಂದ ಎಸೆದು 40 ಬಿದ್ದರೆ 120 ಅಂಕ, ಹತ್ತಿರದಿಂದ 100ಕ್ಕೆ 50 ಬಿದ್ದರೆ 100 ಅಂಕ. ಈ ಲೆಕ್ಕ ಕರ್ರಿಗಿಂತ ಮೊದಲೇ ತಂಡಗಳಿಗೆ ಗೊತ್ತಿತ್ತು. ಧೈರ್ಯ ಬಂದದ್ದು ಅವನನ್ನು ನೋಡಿ. ಕೆಲವು ಮ್ಯಾಚ್ ನೋಡಲು ಬೇಜಾರು ಅನ್ನುವುದು ನನಗೂ ಒಪ್ಪಿಗೆ. ಆದರೆ ಗಿಡ್ಡ ಹುಡುಗರಿಗೆ ಈ ಆಟದಲ್ಲಿ ಮತ್ತೆ ಜಾಗ ಸಿಕ್ಕಿದ್ದು ಅವನಿಂದ. ನನ್ನ ಕೋರ್ಟಿಗೆ ಬರುವವರಲ್ಲಿ ಮುಕ್ಕಾಲು ಪಾಲು ಅಂಥವರೇ.

ಕಾಲೇಜಲ್ಲಿ ಮಿಂಚಿದವರೆಲ್ಲ ಎನ್‌ಬಿಎಯಲ್ಲಿ ಯಾಕೆ ಮಿಂಚಲ್ಲ?

ಗೊನ್ಜಾಗದ ಆಡಮ್ ಮಾರಿಸನ್ ಕಾಲೇಜಿನ ಕೊನೆಯ ವರ್ಷ 28.1 ಸರಾಸರಿ ಹಾಕಿ 2006ರಲ್ಲಿ ಮೂರನೆಯವನಾಗಿ ಹೋದ. ಮರುವರ್ಷ ಮಂಡಿ ಹೋಯಿತು, ಮತ್ತೆ ಆ ಆಟ ಬರಲಿಲ್ಲ. ಬಿವೈಯು ಕಾಲೇಜಿನ ಜಿಮ್ಮರ್ ಫ್ರೆಡೆಟ್ 2010–11ರಲ್ಲಿ 28.9, ದೇಶಕ್ಕೇ ಮೊದಲು. ಎನ್‌ಬಿಎಯಲ್ಲಿ ನೆಲೆ ಸಿಗಲಿಲ್ಲ, ಚೀನಾದಲ್ಲಿ ದೊಡ್ಡ ಹೆಸರಾದ. ಕಾಲೇಜಿನಲ್ಲಿ ಎಲ್ಲಾ ಬಾಲ್ ಇಂಥವರ ಕೈಗೆ ಬರುತ್ತದೆ, ಎನ್‌ಬಿಎಯಲ್ಲಿ ಬರುವುದಿಲ್ಲ. ಎದುರಿಗಿರುವವರು ಇನ್ನೂ ಉದ್ದ, ಇನ್ನೂ ಚುರುಕು. ಒಂದು ಮ್ಯಾಚ್‌ನಲ್ಲಿ ಎರಡು ಶಾಟ್ ತಪ್ಪಿದರೆ ಹೊರಗೆ ಕೂರಿಸುವ ಕೋಚ್ ಸಿಕ್ಕಿದರೆ ಮುಗಿಯಿತು.

ಕ್ಯಾನ್ಸಸ್ ವಿರುದ್ಧ ಕೊನೆಯ ಶಾಟ್ ಎಸೆದ ರಿಚರ್ಡ್ಸ್ ಆ ವರ್ಷ ಅಸಿಸ್ಟ್‌ಗಳಲ್ಲಿ, ಅಂದರೆ ಗೆಳೆಯ ಅಂಕ ಹಾಕುವಂತೆ ಕೊಡುವ ಪಾಸ್‌ಗಳಲ್ಲಿ, ದೇಶಕ್ಕೇ ಮೊದಲಿಗ. ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಮಯಾಮಿ ಹೀಟ್ ತಂಡದ ಬಾಗಿಲವರೆಗೆ ಹೋದ, ಮಂಡಿ ಗಾಯ ಅಲ್ಲೇ ತಡೆಯಿತು. ಒಂದೇ ತಂಡ, ಒಂದೇ ವರ್ಷ, ಅಕ್ಕಪಕ್ಕ ಆಡಿದ ಇಬ್ಬರು.

ನಮ್ಮ ದೇಶದವರು ಯಾರಾದ್ರೂ ಈ ದಾರೀಲಿ ಹೋಗಿದ್ದಾರಾ?

ಭಾರತ ಮೂಲದ ಮೊದಲ ಎನ್‌ಬಿಎ ಆಟಗಾರ ಸಿಮ್ ಭುಲ್ಲರ್. ಹುಟ್ಟಿದ್ದು ಕೆನಡಾದಲ್ಲಿ, ಎತ್ತರ 7 ಅಡಿ 5 ಇಂಚು. ನ್ಯೂ ಮೆಕ್ಸಿಕೊ ಸ್ಟೇಟ್ ಕಾಲೇಜಿಗೆ ಆಡಿ 2015ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಮೂರು ಮ್ಯಾಚ್ ಆಡಿದ. ಅದೇ ವರ್ಷ ಪಂಜಾಬಿನ ಹಳ್ಳಿಯಿಂದ ಬಂದ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ 52ನೆಯವನಾಗಿ ಆರಿಸಿತು. ಅವನು ಕಾಲೇಜಿಗೆ ಹೋಗಲಿಲ್ಲ, ಫ್ಲಾರಿಡಾದ ಅಕಾಡೆಮಿಯಿಂದ ನೇರ ಡ್ರಾಫ್ಟ್‌ಗೆ. ಎನ್‌ಬಿಎ ಮ್ಯಾಚ್ ಆಡುವ ಯೋಗ ಬರಲಿಲ್ಲ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಹೆಣ್ಣುಮಕ್ಕಳನ್ನು ಕೋರ್ಟಿಗೆ ಕಳಿಸಲು ಹಿಂದೆ ಮುಂದೆ ನೋಡುವ ಅಪ್ಪಂದಿರಿಗೆ ಈ ಹೆಸರನ್ನು ನಾನು ಯಾವಾಗಲೂ ಹೇಳುತ್ತೇನೆ.

ಒಂದೇ ಒಂದು ಮ್ಯಾಚ್ ನೋಡಬೇಕು ಅಂದ್ರೆ ಯಾವುದು?

ಹೊಸಬರಿಗೆ 2024ರ ಪ್ಯಾರಿಸ್ ಒಲಿಂಪಿಕ್ ಫೈನಲ್. ಫ್ರಾನ್ಸ್ ತನ್ನ ಜನರೆದುರು ಆಡುತ್ತಿದೆ, ಹತ್ತಿರ ಹತ್ತಿರ ಬರುತ್ತಿದೆ. ಕೊನೆಯ ಮೂರು ನಿಮಿಷದಲ್ಲಿ ಕರ್ರಿ ನಾಲ್ಕು ತ್ರೀ ಹಾಕಿದ. ನಾಲ್ಕನೆಯದನ್ನು ಇಬ್ಬರು ಕೈ ಚಾಚಿ ಮುಚ್ಚಿದ್ದರು, ಅವರ ಬೆರಳುಗಳ ಮೇಲಿಂದ ಹೋಗಿ ಬಿತ್ತು. ಎರಡು ಅಂಗೈ ಜೋಡಿಸಿ ಕೆನ್ನೆಗಿಟ್ಟು, ಮಲಗಿಕೊಳ್ಳಿ ಅಂತ ಸನ್ನೆ ಮಾಡಿದ. 98–87. ಆಟ ಚೆನ್ನಾಗಿ ಗೊತ್ತಿರುವವರು 2008ರ ಜಾರ್ಜ್‌ಟೌನ್ ಮ್ಯಾಚ್‌ನ ದ್ವಿತೀಯಾರ್ಧ ನೋಡಲಿ.

ನನ್ನ ಮಗನಿಗೆ ಹನ್ನೆರಡು. ಕರ್ರಿ ನೋಡಿ ದೂರದಿಂದಲೇ ಎಸೀತಾನೆ. ಬಿಡಲಾ, ತಡೀಲಾ?

ತೂಕದ ಬಾಲ್ ಕೊಡಬೇಡಿ, ಆ ವಯಸ್ಸಿಗೆ ಸಣ್ಣ ಸೈಜಿನದ್ದು ಸಾಕು. ದೊಡ್ಡ ಬಾಲ್ ದೂರಕ್ಕೆ ಹೋಗಲಿ ಅಂತ ಮಕ್ಕಳು ಸೊಂಟದಿಂದ ತೂರುವುದನ್ನು ಕಲಿತುಬಿಡುತ್ತಾರೆ. ಕರ್ರಿಯೂ ಅಲ್ಲೇ ಸಿಕ್ಕಿಬಿದ್ದಿದ್ದು. ಮೊದಲು ರಿಂಗಿನಿಂದ ಎರಡು ಹೆಜ್ಜೆ ದೂರ, ಒಂದೇ ಕೈಯಲ್ಲಿ, ಬೋರ್ಡ್ ಮುಟ್ಟದೆ ಹತ್ತು ಬೀಳಿಸಲಿ. ಬಿದ್ದರೆ ಒಂದು ಹೆಜ್ಜೆ ಹಿಂದೆ. ಕೈ ತಿರುಚಿದರೆ, ಮೊಣಕೈ ಹೊರಗೆ ಹೋದರೆ ಮತ್ತೆ ಮುಂದಕ್ಕೆ. ಕರ್ರಿ ಇವತ್ತಿಗೂ ಮ್ಯಾಚ್‌ಗೆ ಮೊದಲು ಎರಡೂ ಕೈಯಲ್ಲಿ ಎರಡು ಬಾಲ್ ಪುಟಿಸಿ, ರಿಂಗಿನ ಹತ್ತಿರದಿಂದಲೇ ಶುರು ಮಾಡುತ್ತಾನೆ. ಆ ವಿಡಿಯೊ ಮಗನಿಗೆ ತೋರಿಸಿ.

ಕೊನೆಯ ಹತ್ತು ನಿಮಿಷ ಮಾತ್ರ ಎಲ್ಲಿಂದ ಬೇಕಾದರೂ ಎಸೆಯಲಿ. ಆಗ ಕಟ್ಟೆ ಮೇಲಿಂದ ಏನೂ ಹೇಳಬೇಡಿ.